ನಿಟ್ಟುಸಿರು ಬಿಡೋಕೊಬ್ಬ ಗೆಳೆಯ: ರೋಮಿನವರು ಹೇಳಿಕೊಟ್ಟ ದಾರಿ

ಕ್ರಿ.ಪೂ. 60ರ ಜನವರಿ. ರೋಮಿನಿಂದ ಸಿಸೆರೋ ತನ್ನ ಗೆಳೆಯ ಅಟಿಕಸ್‌ಗೆ ಪತ್ರ ಬರೆಯುತ್ತಾನೆ. ಮೂರು ವರ್ಷದ ಹಿಂದೆ ಕಾನ್ಸಲ್ ಆಗಿದ್ದವನು, ಅಂದರೆ ಗಣರಾಜ್ಯದ ಅತಿ ದೊಡ್ಡ ಹುದ್ದೆಯಲ್ಲಿ ಕೂತಿದ್ದವನು. ಬೆಳಗಾದರೆ ಮನೆ ತುಂಬ ಜನ. ಊರ ನಡುವಿನ ಫೋರಂ ಕಡೆ ಹೊರಟರೆ ಹಿಂದೆ ಮುಂದೆ ಗುಂಪು. ಆದರೂ ಪತ್ರದಲ್ಲಿ ತೋಡಿಕೊಳ್ಳುವುದು ಬೇರೆಯೇ: ಇಷ್ಟು ಜನರಲ್ಲಿ ಮನಸ್ಸು ಬಿಚ್ಚಿ ತಮಾಷೆ ಮಾಡೋಕೆ, ಸಲಿಗೆಯಿಂದ ಒಂದು ನಿಟ್ಟುಸಿರು ಬಿಡೋಕೆ ಒಬ್ಬನೂ ಸಿಗುತ್ತಿಲ್ಲ, ನೀನು ಬೇಗ ಬಾ.

ಫೋನಿನಲ್ಲಿ ನೂರಾರು ನಂಬರ್ ಇಟ್ಟುಕೊಂಡು, ರಾತ್ರಿ ಹತ್ತಕ್ಕೆ ಯಾರಿಗೆ ಕರೆ ಮಾಡಲಿ ಎಂದು ತಡಕಾಡುವವರಿಗೆ ಈ ಪತ್ರ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅದಾಗಿ ಹದಿನಾರು ವರ್ಷಕ್ಕೆ, ಕ್ರಿ.ಪೂ. 44ರಲ್ಲಿ, ಸಿಸೆರೋ ಗೆಳೆತನದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದು ಅಟಿಕಸ್‌ಗೇ ಅರ್ಪಿಸಿದ. ಮಾತಾಡುವವನು ಲೇಲಿಯಸ್ ಎಂಬ ಹಿರಿಯ. ಕಾಲ ಕ್ರಿ.ಪೂ. 129. ಲೇಲಿಯಸ್‌ನ ಜೀವದ ಗೆಳೆಯ ಸ್ಕಿಪಿಯೋ ತೀರಿಕೊಂಡು ಇನ್ನೂ ಕೆಲವೇ ದಿನ. ಇಬ್ಬರು ಅಳಿಯಂದಿರು ಬಂದು ಕೂತು, ಮಾವನನ್ನು ಗೆಳೆತನದ ಬಗ್ಗೆ ಕೇಳುತ್ತಾರೆ. ಸುಮಾರು ನೂರು ವರ್ಷದ ನಂತರ ರೋಮಿನ ತತ್ವಜ್ಞಾನಿ ಸೆನೆಕಾ ಇದೇ ವಿಷಯವನ್ನು ಲುಸಿಲಿಯಸ್ ಎಂಬ ಗೆಳೆಯನಿಗೆ ಬರೆದ ಪತ್ರಗಳಲ್ಲಿ ಮತ್ತೆ ಎತ್ತಿಕೊಂಡ.

ಇವರಿಬ್ಬರನ್ನೂ ಓದಿದರೆ ಒಂದು ಮಾತು ಗಟ್ಟಿಯಾಗಿ ಕೇಳುತ್ತದೆ. ಒಳ್ಳೆಯತನ ಮತ್ತು ಗೆಳೆತನ ಒಂದೇ ಕೆಲಸದ ಎರಡು ಭಾಗ. ಒಳ್ಳೆಯತನ ಒಂಟಿಯಾಗಿ ಹೆಚ್ಚು ದೂರ ಹೋಗಲಾರದು ಎಂದೇ ಪ್ರಕೃತಿ ಅದಕ್ಕೆ ಗೆಳೆತನವನ್ನು ಸಹಾಯಕ್ಕೆ ಕೊಟ್ಟಿದೆ ಎನ್ನುತ್ತಾನೆ ಲೇಲಿಯಸ್. ವಯಸ್ಸಾದಂತೆ ಗೆಳೆಯರು ತಾವಾಗಿಯೇ ಕಡಿಮೆಯಾಗುತ್ತಾರೆ, ಏನು ಮಾಡೋದು ಎಂದು ಸುಮ್ಮನಾಗುವವರೇ ಜಾಸ್ತಿ. ನನ್ನ ನಂಬಿಕೆ ಹಾಗಿಲ್ಲ. ಗೆಳೆತನ ಕಲಿತು ಮಾಡುವ ಕೆಲಸ. ಅದನ್ನು ಹಂತ ಹಂತವಾಗಿ ಹೇಗೆ ಮಾಡಬಹುದು ಎಂದು ಇಲ್ಲಿ ಬರೆಯುತ್ತೇನೆ.

ಹಂತ 1: ಕೂತು ಎಣಿಸಿ

ಸ್ಕಿಪಿಯೋಗೆ ಒಂದು ಬೇಸರ ಇತ್ತಂತೆ. ಎಷ್ಟು ಆಡು, ಎಷ್ಟು ಕುರಿ ಇವೆ ಎಂದರೆ ಯಾರು ಬೇಕಾದರೂ ಥಟ್ಟನೆ ಹೇಳುತ್ತಾರೆ. ಎಷ್ಟು ಗೆಳೆಯರು ಎಂದರೆ ತಡವರಿಸುತ್ತಾರೆ. ಕುರಿ ಕೊಳ್ಳುವಾಗ ಇರುವ ಎಚ್ಚರ ಗೆಳೆಯನನ್ನು ಆರಿಸುವಾಗ ಇರುವುದಿಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಪ್ರಶ್ನೆ: ಕೆಟ್ಟ ಸುದ್ದಿ ಬಂದರೆ ಯಾರಿಗೆ ಹೇಳುತ್ತೀರಿ? ಹೆಸರು ಬರೆಯಿರಿ. ಎರಡನೆಯದು: ಖುಷಿಯ ಸುದ್ದಿ ಬಂದರೆ? ಇದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಟರೆಂಟಮ್ ಊರಿನ ಆರ್ಕೀಟಸ್ ಹೇಳುತ್ತಿದ್ದನೆಂದು ಹಿರಿಯರಿಂದ ಕೇಳಿದ ಮಾತೊಂದನ್ನು ಲೇಲಿಯಸ್ ನೆನೆಸಿಕೊಳ್ಳುತ್ತಾನೆ: ಒಬ್ಬ ಮನುಷ್ಯ ಆಕಾಶಕ್ಕೇ ಹತ್ತಿ ಹೋಗಿ, ನಕ್ಷತ್ರಗಳ ಚೆಲುವನ್ನು ಕಣ್ಣಾರೆ ಕಂಡರೂ, ಹೇಳಿಕೊಳ್ಳಲು ಯಾರೂ ಇಲ್ಲದಿದ್ದರೆ ಆ ನೋಟ ಸಪ್ಪೆ. ನಮ್ಮ ಒಳ್ಳೆಯ ಸುದ್ದಿ ಕೇಳಿ ಹೊಟ್ಟೆಕಿಚ್ಚಿಲ್ಲದೆ ಕುಣಿಯುವವರು, ಕಷ್ಟಕ್ಕೆ ಅಯ್ಯೋ ಅನ್ನುವವರಿಗಿಂತ ಕಡಿಮೆ. ಅವರ ಹೆಸರಿಗೆ ಗೆರೆ ಹಾಕಿ.

ಮೂರನೆಯದು ಕಷ್ಟದ ಪ್ರಶ್ನೆ: ಯಾರ ಹಾಳೆಯಲ್ಲಿ ನಿಮ್ಮ ಹೆಸರು ಇರುತ್ತದೆ? ಕಾಯಿಲೆ ಬಿದ್ದಾಗ ಪಕ್ಕದಲ್ಲಿ ಕೂರೋಕೆ ಒಬ್ಬರು ಬೇಕು, ಅದಕ್ಕೇ ಗೆಳೆಯ ಬೇಕು ಎಂದು ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಹೇಳಿದ್ದ. ಸೆನೆಕಾ ಒಂಬತ್ತನೆಯ ಪತ್ರದಲ್ಲಿ ಇದನ್ನು ಪೂರ್ತಿ ತಿರುಗಿಸುತ್ತಾನೆ. ಕಾಯಿಲೆ ಬಿದ್ದವರ ಪಕ್ಕದಲ್ಲಿ ನಾನು ಹೋಗಿ ಕೂರೋಕೆ ಒಬ್ಬರು ಬೇಕು, ಗೆಳೆಯ ಬೇಕಾಗುವುದು ಅದಕ್ಕೆ ಎನ್ನುತ್ತಾನೆ. ಈ ಸಾಲು ಓದಿದ ಮೇಲೆ ಹಾಳೆಯನ್ನು ಮತ್ತೊಮ್ಮೆ ನೋಡಿ.

ಪಟ್ಟಿಯಲ್ಲಿ ಇಲ್ಲದವರನ್ನೆಲ್ಲ ದೂರ ಮಾಡಿ ಎಂದು ಇದರ ಅರ್ಥ ಅಲ್ಲ. ಆಫೀಸಿನವರು, ಬೆಳಗಿನ ವಾಕಿಂಗಿನ ಜೊತೆಗಾರರು, ಮದುವೆ ಮನೆಯಲ್ಲಿ ಸಿಗುವ ಹಳೆ ಪರಿಚಯದವರು, ಎಲ್ಲರೂ ಬೇಕು. ಸಿಸೆರೋ ಕೂಡ ಇಂಥ ಸಾಮಾನ್ಯ ಸ್ನೇಹಗಳಿಂದ ಸಂತೋಷವೂ ಉಪಯೋಗವೂ ಇದೆ ಎಂದೇ ಒಪ್ಪುತ್ತಾನೆ. ಯಾವುದು ಯಾವುದು ಎಂದು ಗೊತ್ತಿದ್ದರೆ ಸಾಕು.

ಹಂತ 2: ಮೊದಲು ನಿಮ್ಮ ಕಡೆ ನೋಡಿಕೊಳ್ಳಿ

ಹೆಚ್ಚಿನವರು ತಾವು ಹೇಗಿಲ್ಲವೋ ಹಾಗಿರುವ ಗೆಳೆಯ ಬೇಕು ಎನ್ನುತ್ತಾರೆ. ತಾವು ಕೊಡದ್ದನ್ನು ಅವನಿಂದ ಕೇಳುತ್ತಾರೆ. ಲೇಲಿಯಸ್ ಇದನ್ನು ಹೇಳಿ, ಮೊದಲು ತಾನು ಒಳ್ಳೆಯವನಾಗಬೇಕು, ಆಮೇಲೆ ತನ್ನಂಥ ಇನ್ನೊಬ್ಬನನ್ನು ಹುಡುಕಬೇಕು ಎನ್ನುತ್ತಾನೆ. ಒಳ್ಳೆಯವರ ನಡುವೆ ಮಾತ್ರ ಗೆಳೆತನ ಇರಲು ಸಾಧ್ಯ ಎಂಬುದು ಅವನ ಮೂಲ ಮಾತು.

ಕೇಳಿದರೆ ಹೆದರಿಕೆ ಆಗುತ್ತದೆ. ಅಷ್ಟು ಒಳ್ಳೆಯವರು ಯಾರಿದ್ದಾರೆ? ಆದರೆ ಅವನು ತಕ್ಷಣ ಬಿಡಿಸಿ ಹೇಳುತ್ತಾನೆ. ಸ್ಟೋಯಿಕ್ ಎಂಬ ತತ್ವಪಂಥದ ಪಂಡಿತರು ಹೇಳುವ ಪರಿಪೂರ್ಣ ಜ್ಞಾನಿ ಇಲ್ಲಿ ಬೇಕಾಗಿಲ್ಲ. ಮಾತಿಗೆ ತಪ್ಪದವರು, ನ್ಯಾಯವಾಗಿ ನಡೆಯುವವರು, ದುರಾಸೆ ಇಲ್ಲದವರು, ಕಷ್ಟದಲ್ಲಿ ಕದಲದವರು ಸಾಕು. ನಿತ್ಯದ ಬದುಕಿನ ಅಳತೆ ಇದು. ಸೆನೆಕಾ ಸ್ವತಃ ನೀರೋನಂಥ ದೊರೆಗೆ ಗುರುವಾಗಿ, ಸಲಹೆಗಾರನಾಗಿ ವರ್ಷಗಟ್ಟಲೆ ಇದ್ದು ಸಿರಿ ಕೂಡಿಸಿದ, ಕೊನೆಗೆ ಕ್ರಿ.ಶ. 65ರಲ್ಲಿ ಅದೇ ನೀರೋನ ಅಪ್ಪಣೆಯಂತೆ ಪ್ರಾಣ ಬಿಟ್ಟ. ಅವನ ಬದುಕಿನಲ್ಲಿ ಕಲೆ ಇದೆ. ಒಳ್ಳೆಯವನಾಗಲು ಹೆಣಗಿದವನ ಮಾತು ಎಂದು ಓದಿದರೆ ಅವನ ಪತ್ರಗಳು ಇನ್ನೂ ಹತ್ತಿರ ಬರುತ್ತವೆ.

ಮಾಡುವುದು ಹೇಗೆ? ಸೆನೆಕಾ ತನ್ನ ಅಭ್ಯಾಸವನ್ನೇ ಬರೆದಿಟ್ಟಿದ್ದಾನೆ. ರಾತ್ರಿ ದೀಪ ತೆಗೆದ ಮೇಲೆ, ಅವನ ಅಭ್ಯಾಸ ಗೊತ್ತಿರುವ ಹೆಂಡತಿ ಮಾತು ನಿಲ್ಲಿಸುತ್ತಾಳೆ. ಆಗ ಅವನು ಇಡೀ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತಾನೆ. ಏನನ್ನೂ ಮುಚ್ಚಿಡುವುದಿಲ್ಲ, ಏನನ್ನೂ ಹಾರಿಸುವುದಿಲ್ಲ. ಇನ್ನು ಮುಂದೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಅವನು ಕೊಡುವ ಉದಾಹರಣೆಗಳನ್ನು ನೋಡಿ. ಆ ವಾದದಲ್ಲಿ ಜಗಳಕ್ಕೆ ನಿಂತವನ ಹಾಗೆ ಮಾತಾಡಿದೆ. ಆ ಮನುಷ್ಯನಿಗೆ ಬುದ್ಧಿ ಹೇಳುವಾಗ ಬೇಕಾದ್ದಕ್ಕಿಂತ ಜಾಸ್ತಿ ನೇರವಾಗಿ ಹೇಳಿದೆ, ಹಾಗಾಗಿ ಅವನು ತಿದ್ದಿಕೊಳ್ಳಲಿಲ್ಲ, ನೊಂದುಕೊಂಡ. ಎರಡೂ ಜನರ ಜೊತೆಗಿನ ನಡವಳಿಕೆಯವೇ. ನೀವೂ ಹೀಗೇ ಮಾಡಿ. ಮಲಗುವ ಮೊದಲು ಫೋನ್ ದೂರ ಇಟ್ಟು, ಇವತ್ತು ಮಾತಾಡಿದ ಒಬ್ಬೊಬ್ಬರನ್ನೂ ನೆನೆಸಿಕೊಳ್ಳಿ. ಯಾರಿಗೆ ಸಿಡುಕಿದೆ? ಯಾರ ಮಾತು ಅರ್ಧಕ್ಕೆ ಕತ್ತರಿಸಿದೆ? ಯಾರಿಗೆ ಮಾಡುತ್ತೇನೆಂದು ಹೇಳಿ ಮರೆತೆ? ಹತ್ತು ನಿಮಿಷ ಸಾಕು. ಕೊನೆಯ ಕ್ಷಮೆಯ ಮಾತನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಇದು ಸುಮ್ನೆ ತನ್ನನ್ನು ತಾನು ಬೈದುಕೊಂಡು ನಿದ್ದೆ ಕೆಡಿಸಿಕೊಳ್ಳುವ ಕೆಲಸ ಆಗುತ್ತದೆ. ಸೆನೆಕಾ ಈ ವಿಚಾರಣೆ ಮುಗಿದ ಮೇಲೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ಹೇಳುತ್ತಾನೆ.

ಹಂತ 3: ನೋಡಿ ನಂಬಿ, ನಂಬಿದ ಮೇಲೆ ಪೂರ್ತಿ ನಂಬಿ

ಲುಸಿಲಿಯಸ್ ಒಮ್ಮೆ ಒಬ್ಬನ ಕೈಯಲ್ಲಿ ಸೆನೆಕಾಗೆ ಪತ್ರ ಕಳಿಸಿದ. ಇವನು ನನ್ನ ಗೆಳೆಯ ಎಂದು ಬರೆದಿದ್ದ. ಮುಂದಿನ ಸಾಲಿನಲ್ಲೇ, ನನ್ನ ವಿಷಯ ಎಲ್ಲ ಇವನ ಹತ್ತಿರ ಮಾತಾಡಬೇಡಿ, ನಾನೂ ಮಾತಾಡುವುದಿಲ್ಲ ಎಂದಿದ್ದ. ಸೆನೆಕಾ ಇದನ್ನು ಹಿಡಿದುಕೊಂಡ. ಒಂದೇ ಪತ್ರದಲ್ಲಿ ಗೆಳೆಯ ಎಂದೂ ಹೇಳಿದೆ, ಅಲ್ಲ ಎಂದೂ ಹೇಳಿದೆಯಲ್ಲ! ಗೆಳೆಯನನ್ನಾಗಿ ಮಾಡಿಕೊಳ್ಳುವ ಮೊದಲು ಎಷ್ಟು ದಿನ ಬೇಕಾದರೂ ಯೋಚಿಸು. ಮಾಡಿಕೊಂಡ ಮೇಲೆ ನಿನ್ನ ಹತ್ತಿರ ನೀನು ಮಾತಾಡುವಷ್ಟೇ ಧೈರ್ಯವಾಗಿ ಅವನ ಹತ್ತಿರ ಮಾತಾಡು.

ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗೆ ಮಾಡುತ್ತೇವೆ. ಪರಿಚಯ ಆದ ವಾರದಲ್ಲೇ ಮನೆಯ ಗುಟ್ಟೆಲ್ಲ ಹೇಳಿಬಿಡುತ್ತೇವೆ. ಆಮೇಲೆ ವರ್ಷಗಟ್ಟಲೆ ಅನುಮಾನ ಪಡುತ್ತೇವೆ. ಎಲ್ಲರನ್ನೂ ನಂಬುವುದು, ಯಾರನ್ನೂ ನಂಬದಿರುವುದು ಎರಡೂ ತಪ್ಪು ಎನ್ನುತ್ತಾನೆ ಸೆನೆಕಾ.

ಏನು ನೋಡಬೇಕು ಎಂಬುದನ್ನು ಲೇಲಿಯಸ್ ಹೇಳುತ್ತಾನೆ. ಕೆಲವರ ಬಣ್ಣ ಚಿಕ್ಕ ದುಡ್ಡಿನಲ್ಲೇ ಗೊತ್ತಾಗುತ್ತದೆ. ಕೆಲವರು ಚಿಕ್ಕದಕ್ಕೆ ಜಗ್ಗುವುದಿಲ್ಲ, ದೊಡ್ಡ ಮೊತ್ತಕ್ಕೆ ಜಾರುತ್ತಾರೆ. ದುಡ್ಡಿಗೆ ಜಾರದವರು ಕೂಡ ಅಧಿಕಾರ ಸಿಕ್ಕಾಗ ಹಳೆಯ ಗೆಳೆಯನನ್ನು ಮರೆಯುತ್ತಾರೆ. ಇದಕ್ಕೆ ನಾನು ಒಂದನ್ನು ಸೇರಿಸುತ್ತೇನೆ: ಅಲ್ಲಿ ಇಲ್ಲದವರ ಬಗ್ಗೆ ಅವರು ಹೇಗೆ ಮಾತಾಡುತ್ತಾರೆ ಎಂದು ಕೇಳಿಸಿಕೊಳ್ಳಿ. ಇವತ್ತು ಇನ್ನೊಬ್ಬರ ಗುಟ್ಟನ್ನು ನಿಮಗೆ ಹೇಳಿದವರು ನಾಳೆ ನಿಮ್ಮದನ್ನು ಹೇಳುತ್ತಾರೆ. ಬೇಕೆಂದೇ ಬಲೆ ಒಡ್ಡಿ ಯಾರನ್ನೂ ಪರೀಕ್ಷೆ ಮಾಡಲು ಹೋಗಬೇಡಿ. ಅದೇ ಒಂದು ಮೋಸ. ಜೊತೆಗೆ ಒಂದು ಪ್ರಯಾಣ, ಜೊತೆಗೆ ಒಂದು ಕೆಲಸ, ಇಷ್ಟರಲ್ಲಿ ತಾನಾಗಿಯೇ ಗೊತ್ತಾಗುತ್ತದೆ. ಗೆಳೆತನ ಮಾಗಬೇಕಾದರೆ ಕೊಳಗಗಟ್ಟಲೆ ಉಪ್ಪನ್ನು ಒಟ್ಟಿಗೆ ತಿಂದಿರಬೇಕು ಎಂಬ ಗಾದೆ ಸಿಸೆರೋನ ಕಾಲಕ್ಕೇ ಹಳೆಯದಾಗಿತ್ತು.

ಹಂತ 4: ಕೆಟ್ಟದ್ದನ್ನು ಮಾಡಿಕೊಡು ಎಂದು ಕೇಳಬೇಡಿ, ಗೆಳೆಯ ಕೇಳಿದರೆ ಮಾಡಬೇಡಿ

ಇದು ಲೇಲಿಯಸ್ ಹಾಕಿಕೊಟ್ಟ ಮೊದಲ ಕಟ್ಟಳೆ. ಇದರ ಹಿಂದೆ ಒಂದು ನಿಜವಾದ ಮಾತುಕತೆ ಇದೆ.

ಕ್ರಿ.ಪೂ. 133ರಲ್ಲಿ ರೋಮಿನ ರಾಜಕಾರಣಿ ಟಿಬೇರಿಯಸ್ ಗ್ರಾಕಸ್ ಕೊಲೆಯಾದ. ಅವನ ಜೊತೆಗಾರರ ವಿಚಾರಣೆ ನಡೆಯಿತು. ಕೂಮೈ ಊರಿನ ಬ್ಲೋಸಿಯಸ್ ಬಂದು ಲೇಲಿಯಸ್‌ನ ಮುಂದೆ ಕ್ಷಮೆ ಕೇಳಿದ. ಗ್ರಾಕಸ್ ಮೇಲೆ ನನಗೆ ಎಷ್ಟು ಅಭಿಮಾನ ಎಂದರೆ ಅವನು ಹೇಳಿದ್ದೆಲ್ಲ ಮಾಡಬೇಕು ಎಂದುಕೊಂಡಿದ್ದೆ ಎಂದ. ಲೇಲಿಯಸ್ ಕೇಳಿದ: ಕ್ಯಾಪಿಟಲ್ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಬೆಂಕಿ ಇಡು ಎಂದಿದ್ದರೂ? ಅವನು ಹಾಗೆ ಯಾವತ್ತೂ ಹೇಳುತ್ತಿರಲಿಲ್ಲ ಎಂದ ಬ್ಲೋಸಿಯಸ್. ಹೇಳಿದ್ದರೆ? ಹೇಳಿದ್ದರೆ ಇಡುತ್ತಿದ್ದೆ.

ಗ್ರಾಕಸ್ ಬಡವರಿಗೆ ಜಮೀನು ಹಂಚಲು ಹೊರಟವನು. ಸೆನೆಟ್ ಎಂಬ ಸಿರಿವಂತರ ಆಡಳಿತ ಸಭೆಯ ಕಡೆಯವನಾದ ಸಿಸೆರೋ ಅವನನ್ನು ದೇಶಕ್ಕೆ ಕೇಡು ಬಗೆದವನೆಂದೇ ನೋಡುತ್ತಾನೆ. ಆ ತೀರ್ಪು ನಾನು ಒಪ್ಪುವುದಿಲ್ಲ. ಆದರೆ ಬ್ಲೋಸಿಯಸ್‌ನ ಕೊನೆಯ ಉತ್ತರ ಮಾತ್ರ ಭಯ ಹುಟ್ಟಿಸುತ್ತದೆ. ತನ್ನ ಬುದ್ಧಿಯನ್ನೇ ಇನ್ನೊಬ್ಬನ ಕೈಗೆ ಕೊಟ್ಟವನು ಗೆಳೆಯನಾಗಿ ಉಳಿಯುವುದಿಲ್ಲ. ಗೆಳೆಯನಾಗಿದ್ದರೆ ಬೆಂಕಿ ಇಡಲು ಹೊರಟವನ ಕೈ ಹಿಡಿದು ನಿಲ್ಲಿಸುತ್ತಿದ್ದ.

ನಮ್ಮ ಮುಂದೆ ದೇವಸ್ಥಾನ ಸುಡುವ ಪ್ರಶ್ನೆ ಬರುವುದಿಲ್ಲ. ಸುಳ್ಳು ಬಿಲ್ಲಿಗೆ ಸಹಿ ಹಾಕು ಎನ್ನುತ್ತಾರೆ. ಮನೆಯಲ್ಲಿ ಕೇಳಿದರೆ ನಿನ್ನ ಜೊತೆಗಿದ್ದೆ ಎಂದು ಹೇಳು ಎನ್ನುತ್ತಾರೆ. ಸಂದರ್ಶನದಲ್ಲಿ ನನ್ನ ತಮ್ಮನಿಗೆ ಸ್ವಲ್ಪ ನೋಡಿಕೋ ಎನ್ನುತ್ತಾರೆ. ಇಲ್ಲಿ ಸಿಸೆರೋ ತನ್ನ ಮಗನಿಗೆ ಬರೆದ ಕರ್ತವ್ಯಗಳ ಪುಸ್ತಕದ ಒಂದು ಮಾತು ತುಂಬ ಕೆಲಸಕ್ಕೆ ಬರುತ್ತದೆ. ಗೆಳೆಯನ ಮೊಕದ್ದಮೆ ನಿನ್ನ ಮುಂದೆಯೇ ಬಂದರೆ ಏನು ಮಾಡಬೇಕು? ನ್ಯಾಯಾಧೀಶನ ಪಾತ್ರ ವಹಿಸಿದ ಕೂಡಲೇ ಗೆಳೆಯನ ಪಾತ್ರ ಕಳಚಿಡಬೇಕು. ಅವನ ಕಡೆಯೇ ನ್ಯಾಯ ಇರಲಿ ಎಂದು ಮನಸ್ಸಿನಲ್ಲಿ ಬಯಸಬಹುದು. ಕಾನೂನು ಬಿಡುವಷ್ಟರ ಮಟ್ಟಿಗೆ ವಾದಕ್ಕೆ ಅವನಿಗೆ ಅನುಕೂಲವಾದ ಸಮಯ ಕೊಡಬಹುದು. ಅಲ್ಲಿಗೆ ಮುಗಿಯಿತು.

ಈ ಅಳತೆ ಇಟ್ಟುಕೊಂಡರೆ ಇಲ್ಲ ಎನ್ನುವುದು ಸುಲಭವಾಗುತ್ತದೆ. ಮೊದಲು ಇಲ್ಲ ಎಂದು ಸ್ಪಷ್ಟವಾಗಿ ಹೇಳಿ, ನೋಡೋಣ ಎನ್ನಬೇಡಿ. ಆಮೇಲೆ ನ್ಯಾಯದೊಳಗೆ ಏನು ಮಾಡಬಹುದೋ ಅದನ್ನು ನೀವೇ ಮುಂದಾಗಿ ಹೇಳಿ. "ಸಂದರ್ಶನದಲ್ಲಿ ನಾನು ಕೂರುವುದಿಲ್ಲ ಕಣೋ, ಆದರೆ ಭಾನುವಾರ ನಿನ್ನ ತಮ್ಮನನ್ನು ಕಳಿಸು, ಹೇಗೆ ತಯಾರಾಗಬೇಕು ಎಂದು ಕೂತು ಹೇಳಿಕೊಡುತ್ತೇನೆ." ಇಷ್ಟಕ್ಕೇ ಮುನಿದು ಹೋದರೆ ಅವರು ಯಾವ ಪಟ್ಟಿಯವರು ಎಂದು ಗೊತ್ತಾಯಿತು.

ಆದರೆ ಇದೇ ಕಟ್ಟಳೆಯನ್ನು ಕೋಲು ಮಾಡಿಕೊಂಡು ಇನ್ನೊಬ್ಬರ ಗೆಳೆತನವನ್ನು ಅಳೆಯಲು ಹೋಗಬೇಡಿ. ಕ್ರಿ.ಪೂ. 44ರ ಮಾರ್ಚ್ 15ರಂದು, ರೋಮಿನ ಅಧಿಕಾರವನ್ನೆಲ್ಲ ಒಬ್ಬನೇ ಹಿಡಿದಿದ್ದ ಜೂಲಿಯಸ್ ಸೀಸರ್ ಕೊಲೆಯಾದ. ಸಿಸೆರೋಗೆ ಅದು ಸಂತೋಷದ ಸುದ್ದಿ. ಅವನ ಗೆಳೆಯ ಮಾಟಿಯಸ್ ಮಾತ್ರ ಸೀಸರ್‌ಗಾಗಿ ದುಃಖಪಟ್ಟ. ದೇಶಕ್ಕಿಂತ ಗೆಳೆಯ ದೊಡ್ಡವನಾದನೇ ಎಂದು ಜನ ಹಂಗಿಸಿದರು. ಮಾಟಿಯಸ್ ಸಿಸೆರೋಗೆ ಬರೆದ ಉತ್ತರ ಇವತ್ತಿಗೂ ಉಳಿದಿದೆ. ಸೀಸರ್‌ನಿಂದ ನನಗೆ ಲಾಭವೇನೂ ಆಗಲಿಲ್ಲ, ಅವನು ತಂದ ಕಾನೂನಿನಿಂದ ನನ್ನ ಆಸ್ತಿಯೇ ಕಡಿಮೆಯಾಯಿತು. ಅವನು ನಡೆಸಿದ ಯುದ್ಧ ನನಗೆ ಇಷ್ಟವಿರಲಿಲ್ಲ, ಆದರೂ ಗೆಳೆಯನನ್ನು ಬಿಡಲಿಲ್ಲ. ತೀರಿಕೊಂಡ ಗೆಳೆಯನಿಗಾಗಿ ಅಳುವ ಹಕ್ಕನ್ನೂ ಕಸಿಯುತ್ತೀರಾ? ಸಿಸೆರೋನ ಪುಸ್ತಕದ ನುಣುಪಾದ ಮಾತುಗಳ ಪಕ್ಕದಲ್ಲಿ ಈ ಪತ್ರ ಇಟ್ಟು ಓದಿದರೆ ನನಗೆ ಮಾಟಿಯಸ್ ಮೇಲೆಯೇ ಗೌರವ ಜಾಸ್ತಿ. ಗೆಳೆಯನ ಕೆಟ್ಟ ಕೆಲಸದಲ್ಲಿ ಕೈ ಜೋಡಿಸದೆ, ಅವನ ಕೈಯನ್ನೂ ಬಿಡದೆ ಇರಬಹುದು. ರಾಜಕೀಯದ ಜಗಳಕ್ಕೆ ವಾಟ್ಸಾಪ್ ಗುಂಪು ಬಿಟ್ಟು, ಮೂವತ್ತು ವರ್ಷದ ಸ್ನೇಹವನ್ನೂ ಬಿಡುವವರು ಈ ಪತ್ರ ಓದಬೇಕು.

ಹಂತ 5: ನಿಜ ಹೇಳಿ, ಕೇಳಿಸಿಕೊಳ್ಳಿ

ತಾಳ ಹಾಕಿದರೆ ಗೆಳೆಯರು ಸಿಗುತ್ತಾರೆ, ನಿಜ ಹೇಳಿದರೆ ಹಗೆ ಹುಟ್ಟುತ್ತದೆ ಎಂದು ನಾಟಕಕಾರ ಟೆರೆನ್ಸ್ ಬರೆದಿದ್ದ. ಲೇಲಿಯಸ್ ಇದನ್ನು ಒಪ್ಪಿಕೊಂಡೇ, ತಾಳ ಹಾಕುವುದು ಇನ್ನೂ ದೊಡ್ಡ ಕೇಡು ಎನ್ನುತ್ತಾನೆ, ಗೆಳೆಯ ಗುಂಡಿಗೆ ಬೀಳುವುದನ್ನು ನೋಡುತ್ತ ನಿಂತ ಹಾಗಾಗುತ್ತದೆ. ರೋಮಿನ ಹಳೆಯ ಮುತ್ಸದ್ದಿ ಹಿರಿಯ ಕೇಟೋ ಹೇಳುತ್ತಿದ್ದ ಪ್ರಕಾರ ಕೆಲವರಿಗೆ ಸಿಹಿ ಗೆಳೆಯರಿಗಿಂತ ಕಹಿ ಶತ್ರುಗಳೇ ವಾಸಿ. ಶತ್ರು ಎಷ್ಟೋ ಸಲ ನಿಜ ಹೇಳುತ್ತಾನೆ, ಇಂಥ ಗೆಳೆಯ ಯಾವತ್ತೂ ಹೇಳುವುದಿಲ್ಲ.

ಹೇಳುವಾಗ ಬಿರುಸು ಬೇಡ, ಅವಮಾನ ಬೇಡ ಎಂಬುದು ಲೇಲಿಯಸ್‌ನ ಎಚ್ಚರಿಕೆ. ನನ್ನ ಕ್ರಮ ಹೀಗೆ: ಇಬ್ಬರೇ ಇರುವಾಗ ಹೇಳಿ, ಒಂದೇ ವಿಷಯ ಹೇಳಿ, ಒಂದೇ ಸಲ ಹೇಳಿ. ಹಳೆಯದನ್ನೆಲ್ಲ ಕೆದಕಬೇಡಿ. ಮೆಸೇಜಿನಲ್ಲಿ ಬರೆಯಲೇಬೇಡಿ, ಅಲ್ಲಿ ದನಿ ಇರುವುದಿಲ್ಲ. ಹೇಳಿದ ಮರುದಿನ ನೀವೇ ಒಂದು ಫೋನ್ ಮಾಡಿ, ಬೇರೆ ಮಾತಾಡಿ.

ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಗೆಳೆಯ ತಪ್ಪು ತೋರಿಸಿದ ತಕ್ಷಣ ಸಮಜಾಯಿಷಿ ಕೊಡಬೇಡಿ. ಯೋಚನೆ ಮಾಡ್ತೀನಿ ಎಂದಷ್ಟೇ ಹೇಳಿ, ರಾತ್ರಿಯ ಆ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ.

ಹಂತ 6: ಲೆಕ್ಕದ ಪುಸ್ತಕ ಮುಚ್ಚಿ

ಇದು ಚಿಕ್ಕ ಹಂತ. ನಾನು ಎರಡು ಸಲ ಹೋದೆ, ಅವನು ಒಂದೇ ಸಲ ಬಂದ ಎಂದು ಎಣಿಸುವ ಗೆಳೆತನವನ್ನು ಲೇಲಿಯಸ್ ಬಡಕಲು ಗೆಳೆತನ ಎಂದು ತಳ್ಳಿಹಾಕುತ್ತಾನೆ. ಕೊಟ್ಟವನು ಆ ಕ್ಷಣವೇ ಮರೆಯಬೇಕು, ಪಡೆದವನು ಯಾವತ್ತೂ ಮರೆಯಬಾರದು ಎಂಬುದು ಸೆನೆಕಾ ಹೇಳುವ ನಿಯಮ. ಇಬ್ಬರಲ್ಲಿ ಒಬ್ಬರು ದುಡ್ಡಿನಲ್ಲೋ ಹುದ್ದೆಯಲ್ಲೋ ಮೇಲಿದ್ದರೆ, ಮೇಲಿನವರೇ ಕೆಳಗೆ ಇಳಿದು ಸಮ ಕೂರಬೇಕು.

ಸಮಾನತೆಯ ಮಾತು ಬಂದಾಗ ಒಂದು ಸತ್ಯ ಮರೆಯಬಾರದು. ಇವರೆಲ್ಲ ಗುಲಾಮರನ್ನು ಇಟ್ಟುಕೊಂಡಿದ್ದವರು. ಹೆಂಗಸರ ಗೆಳೆತನದ ಬಗ್ಗೆ ಹೆಚ್ಚುಕಮ್ಮಿ ಏನೂ ಬರೆಯದವರು. ಸೆನೆಕಾ ಮಾತ್ರ 47ನೆಯ ಪತ್ರದಲ್ಲಿ, ಅವರು ಗುಲಾಮರು ಎನ್ನುತ್ತೀರಾ, ಅಲ್ಲ, ಬಡ ಗೆಳೆಯರು ಎಂದು ಬರೆದು, ಅವರ ಜೊತೆ ಕೂತು ಊಟ ಮಾಡಲು ನಾಚಬೇಡಿ ಎನ್ನುತ್ತಾನೆ. ಹಾಗೆಂದು ಅವರಿಗೆ ಬಿಡುಗಡೆ ಕೊಡಿ ಎಂದು ಹೇಳಲಿಲ್ಲ. ಅವರು ನಿಲ್ಲಿಸಿದ ಕಡೆಯಿಂದ ನಾವು ಮುಂದೆ ಹೋಗಬೇಕು. ನಿಮ್ಮ ಹಾಳೆಯಲ್ಲಿ ನಿಮಗಿಂತ ಕಡಿಮೆ ಸಂಬಳದವರ, ಬೇರೆ ಜಾತಿಯವರ, ಬೇರೆ ವಯಸ್ಸಿನವರ ಹೆಸರು ಒಂದಾದರೂ ಇದೆಯಾ ನೋಡಿ.

ಹಂತ 7: ದುಃಖದ ದಿನ ಹೋಗಿ

ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಸಿಸೆರೋನ ಮಗಳು ಟುಲಿಯಾ ತೀರಿಕೊಂಡಳು. ಅವನು ಕುಸಿದುಹೋದ. ಅಟಿಕಸ್‌ನ ಮನೆಗೆ ಹೋಗಿ ಉಳಿದುಕೊಂಡು, ಅಲ್ಲಿ ದುಃಖ ಕಳೆಯುವ ಬಗ್ಗೆ ಇದ್ದ ಪುಸ್ತಕಗಳನ್ನೆಲ್ಲ ಓದಿದ. ಗ್ರೀಸಿನಲ್ಲಿದ್ದ ಗೆಳೆಯ ಸೆರ್ವಿಯಸ್ ಸುಲ್ಪಿಸಿಯಸ್ ಒಂದು ಪತ್ರ ಬರೆದ. ಹಡಗಿನಲ್ಲಿ ಬರುತ್ತಿದ್ದೆ, ಹಿಂದೆ ಈಜೈನಾ, ಮುಂದೆ ಮೆಗಾರಾ, ಬಲಕ್ಕೆ ಪಿರೇಯಸ್, ಎಡಕ್ಕೆ ಕೊರಿಂಥ್. ಒಂದು ಕಾಲಕ್ಕೆ ಮೆರೆದ ಊರುಗಳೆಲ್ಲ ಈಗ ಪಾಳು ಬಿದ್ದಿವೆ, ಇಷ್ಟು ಊರುಗಳೇ ಹೆಣವಾಗಿರುವಾಗ ನಮ್ಮಂಥ ಚಿಕ್ಕ ಮನುಷ್ಯರ ಸಾವಿಗೆ ಇಷ್ಟು ಕುದಿಯಬೇಕೇ ಎಂದು ಬರೆದ.

ಮಗಳನ್ನು ಕಳೆದುಕೊಂಡವನಿಗೆ ಈ ತರ್ಕ ಹಿಡಿಸುತ್ತದಾ? ನನಗೆ ಅನುಮಾನ. ಸಿಸೆರೋ ಉತ್ತರದಲ್ಲಿ, ನಿನ್ನ ಪತ್ರದಿಂದ ಸ್ವಲ್ಪ ಸಮಾಧಾನವಾಯಿತು, ಆದರೆ ನೀನೇ ಇಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದ. ಮಾಡಬೇಕಾದ್ದು ಅದರಲ್ಲೇ ಇದೆ. ಸಾವಿನ ಮನೆಗೆ ಹೋಗಿ. ಹೇಳೋಕೆ ಮಾತು ಇಲ್ಲದಿದ್ದರೂ ಹೋಗಿ. ಹೋಗಲು ಆಗದಿದ್ದರೆ ಪತ್ರ ಬರೆಯಿರಿ, ಕೈ ಮುಗಿದ ಚಿತ್ರ ಒತ್ತಿ ಕೆಲಸ ಮುಗಿಸಬೇಡಿ. ತೀರಿಕೊಂಡವರ ಬಗ್ಗೆ ನಿಮಗೆ ನೆನಪಿರುವ ಒಂದು ಸಂಗತಿ ಬರೆಯಿರಿ. ಹನ್ನೊಂದನೇ ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆ ಮತ್ತೆ ಒಮ್ಮೆ ಹೋಗಿ. ಆಗ ಮನೆ ಖಾಲಿ ಇರುತ್ತದೆ.

ಹಂತ 8: ಬಿಡಲೇಬೇಕಾದರೆ

ಕೆಲವು ಗೆಳೆತನ ಉಳಿಯುವುದಿಲ್ಲ. ಅಂಥದ್ದನ್ನು ಹರಿಯಬೇಡಿ, ಹೊಲಿಗೆ ಬಿಚ್ಚಿ ಎಂದು ಕೇಟೋ ಹೇಳುತ್ತಿದ್ದ. ಭೇಟಿ ಕಡಿಮೆ ಮಾಡಿ, ಮಾತು ಕಡಿಮೆ ಮಾಡಿ. ಎಲ್ಲರ ಮುಂದೆ ಘೋಷಣೆ ಬೇಡ. ಅವರು ಹೇಳಿದ್ದ ಗುಟ್ಟುಗಳನ್ನು ಮಾತ್ರ ಕೊನೆಯವರೆಗೂ ಕಾಪಾಡಿ. ಸಹಿಸಲಾಗದ ಅನ್ಯಾಯ ಕಣ್ಣ ಮುಂದೆ ಸಿಡಿದಾಗ ಮಾತ್ರ ಒಂದೇ ಏಟಿಗೆ ಕಡಿದುಕೊಳ್ಳಬಹುದು ಎನ್ನುತ್ತಾನೆ ಲೇಲಿಯಸ್. ನಿಮ್ಮನ್ನು ಹೊಡೆಯುವ, ಹೆದರಿಸುವ, ದುಡ್ಡಿಗೆ ಸುಲಿಯುವ ಸಂಬಂಧವಾದರೆ ನಿಧಾನ ಮಾಡಬೇಡಿ.

ಓದಲು ಶುರು ಮಾಡುವವರಿಗೆ ನನ್ನ ಸಲಹೆ: ಮೊದಲು ಸೆನೆಕಾನ ಮೂರನೆಯ ಪತ್ರ, ಆಮೇಲೆ ಒಂಬತ್ತನೆಯದು. ಮೂರನೆಯದು ತುಂಬ ಚಿಕ್ಕದು, ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ನಂತರ ಸಿಸೆರೋನ ಗೆಳೆತನದ ಪುಸ್ತಕವನ್ನು ಒಂದೇ ಕೂತಿಗೆ ಓದಿ. ಮಾಟಿಯಸ್‌ನ ಪತ್ರವನ್ನು ಕೊನೆಗೆ ಇಟ್ಟುಕೊಳ್ಳಿ, ಮತ್ತು ಅದನ್ನು ನಿಮ್ಮ ಹಾಳೆಯಲ್ಲಿ ಹೆಸರಿರುವ ಒಬ್ಬರ ಜೊತೆ ಕೂತು ಓದಿ, ಯಾರು ಸರಿ ಎಂದು ವಾದ ಮಾಡಿ.